ಥುಕ್ಬಾದ ನೀರೋ

ಶಹಾನಾಳ ಉಪ್ಪನಿಗೆ, ಅಂದರೆ ತಂದೆಗೆ, ನೀರೋ ಎಂಬ ಹೆಸರು ಬಿದ್ದಾಗ ಅವಳಿನ್ನೂ ಪ್ರೈಮರಿ ಶಾಲೆಯ ಹುಡುಗಿ. ನೀರೋ ಅಂದರೆ ನೀರಿಗೆ ಸಂಬಂಧಪಟ್ಟದ್ದೇನೋ ಇರಬೇಕು, ಬೆಂಕಿ ಬಿದ್ದ ದಿನ ಉಪ್ಪ ನೀರು ಹೊತ್ತಿರಬೇಕು ಎಂದು ಅಂದುಕೊಂಡಿದ್ದಳು. ಕ್ಲಾಸಿನಲ್ಲಿ ಯಾರೋ "ನೀರೋನ ಮಗಳು" ಎಂದಾಗ ಹೆಮ್ಮೆಯಿಂದ ತಿರುಗಿಯೂ ನೋಡಿದ್ದಳು. ಅವರು ನಕ್ಕಾಗಲೇ ಅದು ಹೊಗಳಿಕೆಯಲ್ಲ ಎಂದು ತಿಳಿದದ್ದು.

ಆಗ ಅವರಿದ್ದದ್ದು ಸೌದಿ ಅರೇಬಿಯಾದ ಅಲ್ ಖೋಬರಿನ ಥುಕ್ಬಾದಲ್ಲಿ. ಅವಳ ಉಪ್ಪ, ಉಚ್ಚಿಲದ ಶರೀಫ್, ಅಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟಿದ್ದರು. ಅದರ ಹಿಂದಿನ ಗಲ್ಲಿಯಲ್ಲಿ ಹಳೆಯ ಕಟ್ಟಡವೊಂದರ ಮಾಳಿಗೆಯನ್ನು ಬಾಡಿಗೆಗೆ ಹಿಡಿದು, ಊರಿನಿಂದ ಬಂದ ಒಂಟಿ ಗಂಡಸರಿಗೆ ಮಲಗಲು ಜಾಗ, ಎರಡು ಹೊತ್ತು ಊಟ ಕೊಡುತ್ತಿದ್ದರು. ಮಂಗಳೂರು, ಉಡುಪಿ ಕಡೆಯ ಯಾರೇ ಹೊಸದಾಗಿ ಬಂದಿಳಿದರೂ ಮೊದಲು ಚಾಪೆ ಬಿಚ್ಚುತ್ತಿದ್ದದ್ದು ಶರೀಫಾಕನ ಮಾಳಿಗೆಯಲ್ಲಿ. ಶರೀಫ್ ಹಾಡುಗಾರರೂ ಹೌದು. ಅವರ ಹಾಡಿಲ್ಲದ ಮದುವೆ ಉಪ್ಪಿಲ್ಲದ ಬಿರಿಯಾನಿ ಎಂದು ಜನ ಹೇಳುತ್ತಿದ್ದರು. ಒಂದು ಗುರುವಾರ ಸಂಜೆ ಅವರು ದಮ್ಮಾಮಿನ ಮದುವೆಯೊಂದಕ್ಕೆ ಹೋಗಿದ್ದಾಗ ಮಾಳಿಗೆಗೆ ಬೆಂಕಿ ಬಿತ್ತು. ಇಬ್ಬರು ಹೊಗೆಯಲ್ಲಿ ಉಸಿರುಕಟ್ಟಿ ತೀರಿಕೊಂಡರು.

ಆ ಮದುವೆಯ ವೀಡಿಯೋ ಕ್ಯಾಸೆಟ್ ಮನೆಯಿಂದ ಮನೆಗೆ ತಿರುಗಿತು. ಅದರಲ್ಲಿ ಶರೀಫ್ ಕಣ್ಣು ಮುಚ್ಚಿ, ಒಂದು ಕೈಯನ್ನು ಕಿವಿಗಿಟ್ಟು ಹಾಡುತ್ತಿದ್ದರು. ಬೆಂಕಿಯ ಹೊತ್ತನ್ನೂ ಹಾಡಿನ ಹೊತ್ತನ್ನೂ ಜನ ತಮಗೆ ತೋಚಿದ ಹಾಗೆ ಒಂದರ ಪಕ್ಕ ಒಂದು ಇಟ್ಟು ನೋಡಿದರು. ಸಂತಾಪ ಸಭೆಯಲ್ಲಿ ಅಬ್ದುಲ್ ಜಲೀಲ್ ಎಂಬ ದೊಡ್ಡ ಮಾತುಗಾರ ಎದ್ದು, "ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದನಂತೆ. ನಮ್ಮ ಮಕ್ಕಳು ಹೊತ್ತಿ ಉರಿಯುವಾಗ ಇಲ್ಲೊಬ್ಬರು ಹಾಡುತ್ತಿದ್ದರು" ಎಂದ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮರುದಿನದಿಂದ ಜುಬೈಲಿನಿಂದ ಜಿದ್ದಾದವರೆಗೆ ಶರೀಫಾಕ ನೀರೋ ಶರೀಫ್ ಆದರು. ಅವರು ಒಬ್ಬರ ಹತ್ತಿರವೂ ಎದುರಾಡಲಿಲ್ಲ. ಅಂಗಡಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟು, ಹೆಂಡತಿ ರುಖಿಯಮ್ಮನನ್ನೂ ಮಗಳನ್ನೂ ಕರೆದುಕೊಂಡು ಊರಿಗೆ ಹೋದರು. ಆಮೇಲೆ ಅವರು ಹಾಡಿದ್ದನ್ನು ಶಹಾನಾ ಕೇಳಲಿಲ್ಲ.

ಓದಿ, ಮದುವೆಯಾಗಿ, ಅವಳು ಮತ್ತೆ ಈ ದೇಶಕ್ಕೇ ಬಂದಳು. ಗಂಡ ನಿಸಾರ್‌ಗೆ ರಿಯಾದ್‌ನಲ್ಲಿ ಕೆಲಸ. ಅವಳು ಅಲ್ಲಿಯ ಇಂಡಿಯನ್ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದಳು. ಕರಾವಳಿಯವರ ಕೂಟಗಳಲ್ಲಿ ಹಿರಿಯ ಹೆಂಗಸರು "ನೀನು ಯಾರ ಮಗಳು?" ಎಂದು ಕೇಳಿದರೆ, "ಉಚ್ಚಿಲದ ರುಖಿಯಮ್ಮನ ಮಗಳು" ಎನ್ನುತ್ತಿದ್ದಳು. ತಂದೆಯ ಹೆಸರನ್ನು ಕೇಳಿದವರಿಗೆ ತಾಯಿಯ ಹೆಸರನ್ನು ಕೊಟ್ಟು ಮಾತು ಬದಲಿಸುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಊರಿನ ಮದುವೆಯಲ್ಲಿ ಉಪ್ಪ ಬೆನ್ನ ಹಿಂದೆಯೇ ಕೂತಿರುವಾಗಲೂ ಹಾಗೆಯೇ ಹೇಳಿಬಿಟ್ಟಿದ್ದಳು. ಶರೀಫ್ ಕೇಳಿಸಿಕೊಂಡರು. ತಟ್ಟೆಯಲ್ಲಿದ್ದ ಖರ್ಜೂರದ ಬೀಜವನ್ನು ಬೆರಳಿನಿಂದ ಆಚೆ ದೂಡಿದರು. ಅಷ್ಟೇ.

ರುಖಿಯಮ್ಮ ತೀರಿಕೊಂಡ ಮೇಲೆ, ಈ ಚಳಿಗಾಲದಲ್ಲಿ, ಅವಳು ಉಪ್ಪನನ್ನು ವಿಸಿಟ್ ವೀಸಾದಲ್ಲಿ ರಿಯಾದ್‌ಗೆ ಕರೆಸಿಕೊಂಡಳು. ಮಕ್ಕಾಕ್ಕೆ ಹೋಗಿ ಉಮ್ರಾ ಆಯಿತು. ಮೆಟ್ರೋದಲ್ಲಿ ಕೂರಿಸಿ ಊರು ತೋರಿಸಿದ್ದಾಯಿತು. ಇನ್ನುಳಿದ ದಿನಗಳಲ್ಲಿ ಅವರು ಹಾಲ್‌ನ ಮೂಲೆಯ ಕುರ್ಚಿಯಲ್ಲಿ ತಸ್ಬೀಹ್ ಮಣಿ ಎಣಿಸುತ್ತ, ಮೊಮ್ಮಗಳು ಹನಾನ್ ಶಾಲೆಯಿಂದ ಬರುವುದನ್ನೇ ಕಾಯುತ್ತ ಇರುತ್ತಿದ್ದರು.

ಹನಾನ್ ಹನ್ನೊಂದನೆಯ ಕ್ಲಾಸು. ಅವಳ ಶಾಲೆಯಲ್ಲಿ ಒಂದು ಅಣಕು ನ್ಯಾಯಾಲಯದ ಸ್ಪರ್ಧೆ ಬರಲಿತ್ತು. ಆರೋಪಿ ರೋಮಿನ ಚಕ್ರವರ್ತಿ ನೀರೋ. ಚೀಟಿ ಎತ್ತುವಾಗ ಹನಾನ್‌ಗೆ ಬಂದದ್ದು ನೀರೋನ ಪರ ವಾದ. ಉಪ್ಪಾಪನಿಗೆ, ತನ್ನ ಅಜ್ಜನಿಗೆ, ಆ ಹೆಸರಿನಲ್ಲಿ ಎಂಥ ಗಾಯ ಉಂಟೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಅವಳು ಉಮ್ಮನ ಕಪ್ಪು ಅಬಾಯಾವನ್ನು ವಕೀಲರ ಕೋಟಿನ ಹಾಗೆ ಹೆಗಲಿಗೆ ಹಾಕಿಕೊಂಡು ಹಾಲ್‌ಗೆ ಬಂದು ನಿಂತಳು.

"ಉಮ್ಮ, ನೀವು ಪ್ರಾಸಿಕ್ಯೂಟರ್. ಈ ಪೇಪರ್ ನೋಡಿ ಕ್ವೆಶ್ಚನ್ ಕೇಳಿ. ಉಪ್ಪಾಪ, ನೀವು ಜಡ್ಜ್."

ಶಹಾನಾ ಉಪ್ಪನ ಕಡೆ ನೋಡಿದಳು. "ಆಮೇಲೆ ಮಾಡುವ, ರೂಮಿನಲ್ಲಿ" ಎಂದಳು.

"ಇರಲಿ, ಇಲ್ಲಿಯೇ ಮಾಡ್ಲಿ" ಎಂದರು ಶರೀಫ್. "ನನಗೂ ಕೇಳ್ಬೇಕು."

ವಿಧಿಯಿಲ್ಲದೆ ಶಹಾನಾ ಸೋಫಾದಲ್ಲಿ ಕೂತು ಕೇಳಿದಳು: "ಊರು ಹೊತ್ತಿ ಉರಿಯುವಾಗ ನಿಮ್ಮ ಚಕ್ರವರ್ತಿ ಪಿಟೀಲು ಬಾರಿಸುತ್ತಿದ್ದದ್ದು ಯಾಕೆ?"

"ಆಗ ಪಿಟೀಲು ಅನ್ನೋದು ಇರ್ಲೇ ಇಲ್ಲ!" ಹನಾನ್ ಕೈ ಎತ್ತಿದಳು. ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿದ್ದನ್ನು ಉಪ್ಪಾಪನಿಗಾಗಿ ತಡವರಿಸುತ್ತ ಕನ್ನಡಕ್ಕೆ ತಿರುಗಿಸುತ್ತಿದ್ದಳು. "ಇನ್ನೊಂದು, ಬೆಂಕಿ ಶುರು ಆಗುವಾಗ ಅವನು ರೋಮ್‌ನಲ್ಲಿ ಇರ್ಲಿಲ್ಲ. ಸಮುದ್ರದ ಹತ್ರ ಬೇರೆ ಊರಲ್ಲಿದ್ದ. ನ್ಯೂಸ್ ಬಂದ ಮೇಲೆ ವಾಪಸ್ ಬಂದ. ಮನೆ ಸುಟ್ಟುಹೋದವರಿಗೆ ತನ್ನ ತೋಟ ಓಪನ್ ಮಾಡಿಕೊಟ್ಟ. ಧಾನ್ಯ ತರಿಸಿ ಕಡಿಮೆ ರೇಟಿಗೆ ಕೊಡಿಸಿದ. ಅವನು ಹಾಡಿದ ಅಂತ ಜನ ಮಾತಾಡಿದ್ರು ಅಷ್ಟೇ. ನೋಡಿದವರು ಯಾರು?"

ಶರೀಫರ ಬೆರಳಲ್ಲಿ ತಸ್ಬೀಹ್ ನಿಂತಿತ್ತು. "ಅವನು ಊರಲ್ಲೇ ಇರ್ಲಿಲ್ವಾ?" ಎಂದರು ಮೆಲ್ಲಗೆ.

"ಇಲ್ಲ, ಉಪ್ಪಾಪ."

"ಹಾಗಾದ್ರೆ ಆ ಹೆಸರು ಯಾಕೆ ಉಳಿಯಿತು?"

"ಅವನ ಕತೆ ಬರೆದವರು ಎಲ್ಲ ಆಮೇಲಿನವರು. ಅವನು ಕೆಟ್ಟವ ಅಂದ್ರೆ ಹೊಸ ರಾಜರಿಗೆ ಒಳ್ಳೇದಿತ್ತು. ಆದ್ರೆ ಗೊತ್ತುಂಟಾ, ಅವನು ಸತ್ತು ಎಷ್ಟೋ ವರ್ಷ ಅವನ ಗೋರಿ ಮೇಲೆ ಯಾರೋ ಹೂವು ಇಡ್ತಿದ್ರಂತೆ."

ಶಹಾನಾ ತಲೆ ತಗ್ಗಿಸಿದಳು. ಮನೆ ಸುಟ್ಟುಹೋದವರಿಗೆ ತೋಟ ತೆರೆದುಕೊಟ್ಟ ಎಂದು ಮಗಳು ಹೇಳುವಾಗ ಅವಳ ಕಣ್ಣ ಮುಂದೆ ಬಂದದ್ದು ಥುಕ್ಬಾದ ಅವರ ಪುಟ್ಟ ಮನೆ. ಬೆಂಕಿಯ ನಂತರ ಎಷ್ಟೋ ವಾರ ಅವರ ಹಾಲ್‌ನಲ್ಲಿ, ಅಡುಗೆಕೋಣೆಯ ಬಾಗಿಲವರೆಗೂ, ಗಂಡಸರು ಸಾಲಾಗಿ ಮಲಗುತ್ತಿದ್ದರು. ಉಮ್ಮ ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸುತ್ತಿದ್ದಳು. ಶಾಲೆಗೆ ಹೋಗಲು ಶಹಾನಾ ಅವರ ಕಾಲುಗಳನ್ನು ದಾಟಿಕೊಂಡು ಹೋಗಬೇಕಿತ್ತು. ಇದೆಲ್ಲ ಅವಳಿಗೆ ನೆನಪಿತ್ತು. ಆದರೆ ಉಪ್ಪನ ಲೆಕ್ಕಕ್ಕೆ ಅದನ್ನು ಅವಳು ಯಾವತ್ತೂ ಸೇರಿಸಿರಲಿಲ್ಲ. ಮಕ್ಕಳಿಗೆ ಚರಿತ್ರೆ ಕಲಿಸುವವಳು ತಾನು. ಒಂದೇ ಒಂದು ದಿನ ಉಪ್ಪನ ಹತ್ತಿರ ಕೂತು 'ಆ ದಿನ ಏನಾಯಿತು' ಎಂದು ಕೇಳಿರಲಿಲ್ಲ.

"ಉಮ್ಮ, ನೆಕ್ಸ್ಟ್ ಕ್ವೆಶ್ಚನ್."

ಶಹಾನಾ ಕಾಗದ ನೋಡಿಕೊಂಡು ಓದಿದಳು: "ಜನರ ಸಂಶಯ ತನ್ನ ಮೇಲೆ ಬಂದಾಗ ನಿಮ್ಮ ಚಕ್ರವರ್ತಿ ಆ ಬೆಂಕಿಯ ತಪ್ಪನ್ನು ಯಾರ ತಲೆಗೆ ಕಟ್ಟಿದ?"

ಹನಾನ್ ಅಬಾಯಾ ಕೆಳಗಿಳಿಸಿದಳು. "ಇದೇ ಪ್ರಾಬ್ಲಮ್. ಅಲ್ಲಿ ಕ್ರಿಶ್ಚಿಯನ್ನರು ಸ್ವಲ್ಪ ಜನ ಇದ್ರು. ಬಡವರು, ಅವರ ಪರವಾಗಿ ಮಾತಾಡ್ಲಿಕ್ಕೆ ಯಾರೂ ಇಲ್ಲ. ಬೆಂಕಿ ಹಚ್ಚಿದ್ದು ಅವರೇ ಅಂತ ಹೇಳಿ ಅವರನ್ನು ಕೊಲ್ಲಿಸಿದ. ಅದಕ್ಕೆ ನನ್ನ ಹತ್ರ ಆನ್ಸರ್ ಇಲ್ಲ. ಉಪ್ಪಾಪ, ನೀವು ಜಡ್ಜ್. ಎಂತ ಹೇಳ್ಬೇಕು?"

ಶರೀಫ್ ಎದ್ದು ನಿಂತರು. ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಚಾದ ಲೋಟ ಹಿಡಿದುಕೊಂಡು ಅವರು ಕೇಳಿದರು: "ಮಗಳೇ, ನನ್ನನ್ನೊಮ್ಮೆ ಥುಕ್ಬಾಕ್ಕೆ ಕರ್ಕೊಂಡು ಹೋಗ್ತೀಯಾ?"

ಶಹಾನಾ ಅದನ್ನು ಬೇರೆಯೇ ರೀತಿ ತಿಳಿದುಕೊಂಡಳು. ಉಪ್ಪನಿಗೆ ಕೊನೆಗಾಲದಲ್ಲಿ ತನ್ನ ಹೆಸರನ್ನು ತೊಳೆದುಕೊಳ್ಳಬೇಕು ಎಂದು ಆಸೆಯಾಗಿದೆ. ಆ ದಿನ ಮಾಳಿಗೆಯಲ್ಲಿದ್ದವರು ಯಾರಾದರೂ ಸಿಕ್ಕಿದರೆ ಸತ್ಯ ಹೇಳಿಸಬೇಕು. ಇಷ್ಟು ವರ್ಷ ತಾನು ಮಾಡದ ಕೆಲಸವನ್ನು ಈಗಲಾದರೂ ಮಾಡುವ ಎಂದು ಅವಳಿಗೆ ಹುಮ್ಮಸ್ಸು ಬಂತು. ಶುಕ್ರವಾರ ಬೆಳಿಗ್ಗೆಯೇ ಉಪ್ಪನನ್ನು ಕಾರು ಹತ್ತಿಸಿಕೊಂಡು ತಾನೇ ಓಡಿಸುತ್ತ ಹೊರಟಳು. ಊರು ದಾಟಿ, ಎರಡೂ ಬದಿ ಮರಳೂ ಒಂಟೆಗಳ ಬೇಲಿಯೂ ಬಿಟ್ಟರೆ ಬೇರೇನಿಲ್ಲದ ದಾರಿಗೆ ಬಂದ ಮೇಲೆ ಅವಳು ಬಾಯಿ ಬಿಟ್ಟಳು.

"ಉಪ್ಪ, ನಾನು ನಿಮಗೆ ಅನ್ಯಾಯ ಮಾಡಿದೆ. ನಿಮ್ಮ ಹೆಸರು ಹೇಳ್ಲಿಕ್ಕೆ ನಾಚಿಕೆಪಟ್ಟೆ. ನೀವು ಹಾಡು ನಿಲ್ಲಿಸಿದಾಗಲೂ ಯಾಕೆ ಅಂತ ಕೇಳ್ಲಿಲ್ಲ. ಜಲೀಲಾಕ ಈಗಲೂ ಜುಬೈಲಿನಲ್ಲಿ ಇದ್ದಾರೆ. ಅವರನ್ನು ಕರೆಸಿ, ಎಲ್ಲರ ಎದುರು..."

"ಗಾಡಿ ಎಲ್ಲಿಯಾದ್ರೂ ನಿಲ್ಲಿಸು" ಎಂದರು ಶರೀಫ್.

ಪೆಟ್ರೋಲ್ ಪಂಪೊಂದರಲ್ಲಿ ನಿಲ್ಲಿಸಿದಳು. ಪಕ್ಕದ ಗೂಡಂಗಡಿಯಿಂದ ಎರಡು ಕರಕ್ ಚಾ ತಂದಳು. ಶರೀಫ್ ಚಾ ಕುಡಿಯಲಿಲ್ಲ. ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಂದಿನ ಗಾಜಿನ ಆಚೆ ನೋಡುತ್ತ ಹೇಳಿದರು.

"ನಮ್ಮ ಮಾಳಿಗೆಯ ಮೆಸ್ಸಿನಲ್ಲಿ ಹಸನ್ ಕುಂಞಿ ಅಂತ ಒಬ್ಬ ಅಡುಗೆಯವ ಇದ್ದ. ನೆನಪುಂಟಾ ನಿನಗೆ?"

ನೆನಪಿತ್ತು. ಉಪ್ಪಳದವನು, ಸಣ್ಣ ಆಳು. ಶಹಾನಾ ಹೋದಾಗಲೆಲ್ಲ ಅಕ್ಕಿ ಪತ್ತಿರಿಯ ತುದಿ ಮುರಿದು ಕೈಗೆ ಕೊಡುತ್ತಿದ್ದ.

"ಅವನ ಕೈಯಲ್ಲಿ ಇಕಾಮಾ ಕಾರ್ಡು ಇರ್ಲಿಲ್ಲ, ಕಾನೂನು ನೋಡಿದ್ರೆ ಅವನು ಈ ದೇಶದಲ್ಲೇ ಇರುವ ಹಾಗಿಲ್ಲ. ವೀಸಾ ಕೊಟ್ಟು ಕರೆಸಿದ ಕಫೀಲನ ಕಾಟ ತಾಳ್ಲಿಕ್ಕೆ ಆಗದೆ ಓಡಿಬಂದವ. ಪಾಪ ಅಂತ ನಾನೇ ಇಟ್ಕೊಂಡದ್ದು. ಬೆಂಕಿಯ ಸುದ್ದಿ ಬಂದಾಗ ನನ್ನ ಹಾಡು ಮುಗಿದು ತುಂಬ ಹೊತ್ತಾಗಿತ್ತು, ನಾನು ಊಟಕ್ಕೆ ಕೂತಿದ್ದೆ. ಕೈ ತೊಳೀದೆ ಓಡಿ ಬಂದೆ. ಅಲ್ಲಿ ಪೊಲೀಸರು, ಕಟ್ಟಡದ ಯಜಮಾನ, ನನ್ನ ಕಫೀಲ್, ಎಲ್ಲ ನಿಂತಿದ್ರು. ಆ ಮಾಳಿಗೆಯಲ್ಲಿ ಅಷ್ಟು ಜನರನ್ನು ಇಡ್ಲಿಕ್ಕೆ ನನಗೆ ಪರವಾನಗಿ ಇರ್ಲಿಲ್ಲ. ಬೆಂಕಿ ಹೇಗೆ ಬಿತ್ತು ಅಂತ ನನ್ನನ್ನೇ ಕೇಳಿದ್ರು. ನನಗೆ ನೀನೂ ನಿನ್ನ ಉಮ್ಮನೂ ಕಣ್ಣಿಗೆ ಬಂದ್ರಿ. 'ಅಡುಗೆಯವ ಗ್ಯಾಸ್ ಬಿಟ್ಟು ಹೋಗಿರ್ಬೇಕು' ಅಂತ ಹೇಳಿದೆ. ಒಂದೇ ಮಾತು. ಅವನು ಅಲ್ಲೇ, ಹೊಗೆ ಹಿಡಿದ ಮುಖದಲ್ಲಿ, ಒಬ್ಬನನ್ನು ಹೊತ್ತುಕೊಂಡು ಕೆಳಗೆ ತಂದು ಕೂತಿದ್ದ. ಅವನಿಗೆ ಅರಬಿ ಸರಿ ಬರ್ತಿರ್ಲಿಲ್ಲ. ನಾನು ಎಂತ ಹೇಳಿದೆ ಅಂತಲೇ ಅವನಿಗೆ ಗೊತ್ತಾಗ್ಲಿಲ್ಲ."

"ಆಮೇಲೆ?"

"ಜೈಲಿನಲ್ಲಿಟ್ಟು ಊರಿಗೆ ಕಳಿಸಿದ್ರು. ಅವನು ಹೋದ ಮೇಲೆ ನನಗೊಬ್ಬನಿಗೆ ಗೊತ್ತಾಯ್ತು, ಬೆಂಕಿ ಬಿದ್ದದ್ದು ಕೆಳಗಿನ ಸೋಫಾ ಅಂಗಡಿಯ ವಯರಿನಿಂದ. ಗ್ಯಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಗ ನಾನು ಬಾಯಿ ಬಿಡ್ಬೇಕಿತ್ತು. ಬಿಟ್ರೆ, ಗ್ಯಾಸ್ ಅಂತ ಹೇಳಿದ್ದು ಯಾರು ಅಂತ ಕೇಳ್ತಾರೆ. ಅಷ್ಟರಲ್ಲಿ ಜಲೀಲ ಆ ಹೆಸರಿಟ್ಟ. ಜನ ಉಗಿದ್ರು. ನಾನು ಉಗಿಸಿಕೊಂಡೆ." ಶರೀಫ್ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರು. "ಸುಳ್ಳು ಹೆಸರು ಹಗುರ, ಮಗಳೇ. ಹೊತ್ಕೊಂಡು ತಿರುಗಬಹುದು. ನಿಜದ ಹೆಸರು ಹೊರ್ಲಿಕ್ಕೆ ನನ್ನ ಕೈಯಲ್ಲಿ ಆಗ್ತಿರ್ಲಿಲ್ಲ."

ಕ್ಷಮೆ ಕೇಳಲು ಬಂದವಳು ಶಹಾನಾ. ಈಗ ಆ ಕ್ಷಮೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಿಟ್ಟು ಬಂತು, ಆದರೆ ಇಷ್ಟು ವರ್ಷ ತಪ್ಪು ಕಾರಣಕ್ಕೆ ಸಿಟ್ಟಾಗಿ ಅದನ್ನೆಲ್ಲ ಖರ್ಚು ಮಾಡಿಬಿಟ್ಟಿದ್ದಳೋ ಏನೋ, ಸರಿಯಾದ ಕಾರಣ ಸಿಕ್ಕಿದಾಗ ಅದು ಅಳುವಾಗಿ ಬಂತು. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಶರೀಫ್ ಅವಳ ತಲೆ ಸವರಲು ಕೈ ಎತ್ತಿ, ಮತ್ತೆ ಇಳಿಸಿಕೊಂಡರು.

ಥುಕ್ಬಾ ಮುಟ್ಟುವಾಗ ಜುಮಾ ನಮಾಜು ಮುಗಿದು ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿದ್ದವು. ಶರೀಫರ ಅಂಗಡಿ ಇದ್ದಲ್ಲಿ ಮೊಬೈಲ್ ಅಂಗಡಿ. ಮಾಳಿಗೆಯ ಕಟ್ಟಡವೇ ಇಲ್ಲ. ಆದರೆ ಗಲ್ಲಿಯ ತಿರುವಿನಲ್ಲಿ ಅದ್ದುವಿನ ಟೈಲರ್ ಅಂಗಡಿ ಇತ್ತು. ಅದ್ದು ಆ ದಿನ ಮಾಳಿಗೆಯಲ್ಲಿದ್ದು ಬದುಕಿ ಬಂದವನು. ಆಮೇಲೆ ಇವರ ಹಾಲ್‌ನಲ್ಲಿ ಮಲಗಿದವರಲ್ಲಿ ಒಬ್ಬ. ಈಗ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಯಾ ಅಲ್ಲಾಹ್, ಶರೀಫಾಕ!" ಎಂದು ಅವನು ಎದ್ದು ಬಂದು ತಬ್ಬಿಕೊಂಡ. "ಇದು ಯಾರು, ಶಹಾನಾನಾ? ನೀನು ಆಗ ಇಷ್ಟೇ ಉದ್ದ ಇದ್ದದ್ದು. ನಿನ್ನ ಉಮ್ಮನ ಗಂಜಿ ಕುಡಿದು ಬದುಕಿದ್ದು ನಾವು, ಗೊತ್ತುಂಟಾ? ಜಲೀಲ ಆ ಮಾತು ಆಡುವಾಗ ನಾವು ಎದ್ದು ನಿಲ್ಬೇಕಿತ್ತು ಮಾರಾಯ್ತಿ. ಯಾರೂ ನಿಲ್ಲಲಿಲ್ಲ. ಕೆಲಸ ಹೋದೀತು ಅಂತ ಹೆದರಿಕೆ, ಎಂತ ಮಾಡುದು!"

ಶರೀಫ್ ಆ ಮಾತನ್ನು ಮುಂದುವರಿಯಲು ಬಿಡಲಿಲ್ಲ. "ಅದ್ದು, ಹಸನ್ ಕುಂಞಿ ಎಲ್ಲಿದ್ದಾನೆ?"

ಅದ್ದುವಿನ ಮುಖ ಇಳಿಯಿತು. "ತೀರಿಕೊಂಡ ಅಲ್ವಾ, ಶರೀಫಾಕ? ಕೊರೋನಾದ ಮೊದಲೇ. ನಿಮಗೆ ಗೊತ್ತಿಲ್ವಾ?"

ಶರೀಫ್ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅವನ ಮನೆಯವರು?" ಎಂದರು. ಹಸನ್ ಕುಂಞಿಯ ಮಗಳು ಆತಿಕಾಳ ನಂಬರು ಅದ್ದುವಿನ ಹತ್ತಿರ ಇತ್ತು. ಊರಿಗೆ ಹೋದಾಗ ಆ ಮನೆಗೆ ಹೋಗಿ ಬರುವ ಪದ್ಧತಿ ಇಟ್ಟುಕೊಂಡವನು ಅವನೊಬ್ಬನೇ. ಅವನೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ.

"ಯಾರು, ಥುಕ್ಬಾದ ಶರೀಫಾಕನಾ?" ಎಂದಳು ಆತಿಕಾ. ದನಿಯಲ್ಲಿ ಸಂತೋಷವಿತ್ತು. "ನನ್ನ ಉಪ್ಪ ನಿಮ್ಮ ಹೆಸರು ಹೇಳದ ದಿನ ಇಲ್ಲ. ಜೈಲಿಗೆ ಊಟ ಕಳಿಸಿದ್ದು, ಕಂಬಳಿ ಕಳಿಸಿದ್ದು ನೀವೊಬ್ಬರೇ ಅಂತೆ. ಇಲ್ಲಿ ಜನ ಉಪ್ಪನಿಗೆ ತುಂಬ ಹೇಳಿದ್ರು. ಗ್ಯಾಸ್ ಬಿಟ್ಟು ಇಬ್ಬರನ್ನು ಸಾಯಿಸಿದವ ಅಂತ. ಆಮೇಲೆ ಒಂದು ಮದುವೆಗೂ ಅಡುಗೆಗೆ ಕರೆಯಲಿಲ್ಲ. ಲಾರಿಯಿಂದ ಕಲ್ಲು ಇಳಿಸ್ಲಿಕ್ಕೆ ಹೋಗ್ತಿದ್ರು. ನಿಮ್ಮನ್ನು ಯಾರಾದ್ರೂ ನೀರೋ ಅಂತ ಹೇಳಿದ್ರೆ ಮಾತ್ರ ಜಗಳಕ್ಕೇ ಹೋಗ್ತಿದ್ರು."

ಶಹಾನಾ ಉಪ್ಪನ ಮುಖ ನೋಡಿದಳು. ಸುಮ್ಮನಿದ್ದುಬಿಡಿ ಎಂದು ಹೇಳಬೇಕು ಅನಿಸಿತು. ಹೇಳಿಬಿಡಿ ಎಂದೂ ಅನಿಸಿತು.

"ಆತಿಕಾ," ಎಂದರು ಶರೀಫ್, "ಗ್ಯಾಸ್ ಅಂತ ಪೊಲೀಸರಿಗೆ ಹೇಳಿದ್ದು ನಾನು."

ಎಲ್ಲವನ್ನೂ ಹೇಳಿದರು. ಸೋಫಾ ಅಂಗಡಿಯ ವಯರನ್ನೂ, ತಾವು ಬಾಯಿ ಮುಚ್ಚಿಕೊಂಡದ್ದನ್ನೂ. ಅದ್ದು ಕತ್ತರಿಯನ್ನು ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತ. ಫೋನಿನಲ್ಲಿ ಉಪ್ಪಳದ ಆ ಮನೆಯ ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಮಾತ್ರ ಬರುತ್ತಿತ್ತು.

"ಈಗ ಯಾಕೆ ಹೇಳಿದ್ರಿ?" ಎಂದಳು ಆತಿಕಾ ಕೊನೆಗೆ. "ಆ ದೇಶದಲ್ಲಿ ಒಬ್ಬರಾದ್ರೂ ಒಳ್ಳೆಯವರು ಸಿಕ್ಕಿದ್ರು ಅಂತ ಉಪ್ಪ ನಂಬಿ ಹೋದ್ರು. ಆ ಒಬ್ಬರನ್ನೂ ನೀವು ತೆಗೆದ್ರಿ." ಫೋನ್ ಇಟ್ಟಳು.

ರಿಯಾದ್‌ಗೆ ವಾಪಸ್ ಬರುವ ದಾರಿಯಲ್ಲಿ ಶರೀಫ್ ಒಂದೇ ಮಾತು ಹೇಳಿದ್ದು. "ಜಲೀಲನ ಹತ್ರ ನನ್ನ ಪರವಾಗಿ ಏನೂ ಮಾತಾಡ್ಬೇಡ." ಶಹಾನಾ ಹೂಂ ಎಂದಳು. ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಹನಾನ್ ಸೋತಳು. ತೀರ್ಪು ಕೊಟ್ಟ ಟೀಚರು, ಬೆಂಕಿಯ ಆರೋಪದಿಂದ ನೀರೋ ಬಿಡುಗಡೆ, ಆದರೆ ಆ ಬಡಪಾಯಿಗಳ ವಿಷಯದಲ್ಲಿ ಅಪರಾಧಿ ಎಂದರಂತೆ. "ಅನ್‌ಫೇರ್!" ಎಂದು ಹನಾನ್ ಬ್ಯಾಗನ್ನು ಸೋಫಾಕ್ಕೆ ಎಸೆದಳು. ಶರೀಫ್, "ಇಲ್ಲ ಮಗಳೇ, ಸರಿಯಾಗೇ ಉಂಟು" ಎಂದರು. ವೀಸಾದ ದಿನಗಳು ಇನ್ನೂ ಉಳಿದಿದ್ದರೂ ಟಿಕೆಟ್ ಮಾಡಿಸಿಕೊಂಡು ಊರಿಗೆ ಹೊರಟರು.

ಅವರು ಹೋಗಿ ಒಂದು ತಿಂಗಳಾಗಿರಬಹುದು. ಒಂದು ಶನಿವಾರ, ಶಹಾನಾ ಮಧ್ಯಾಹ್ನದ ಅಡುಗೆ ಮುಗಿಸುತ್ತಿದ್ದಾಗ ಆತಿಕಾಳ ಫೋನ್ ಬಂತು. ನಂಬರು ಅದ್ದು ಕೊಟ್ಟಿದ್ದನಂತೆ.

"ನಿನ್ನೆ ಜುಮಾ ಆದ ಮೇಲೆ ನಿಮ್ಮ ಉಪ್ಪ ನಮ್ಮ ಪಳ್ಳಿಯಲ್ಲಿ ಎದ್ದು ನಿಂತು ಎಲ್ಲ ಹೇಳಿದ್ರಂತೆ. ನಮಾಜು ಮಾಡಿಸುವ ಖತೀಬರ ಹತ್ರ ಮೊದಲೇ ಕೇಳಿಕೊಂಡಿದ್ರಂತೆ."

ಶಹಾನಾ ಒಲೆ ಆರಿಸಿದಳು. "ನನಗೆ ಗೊತ್ತಿರ್ಲಿಲ್ಲ."

"ಒಬ್ಬರಿಬ್ಬರು ಅವರಿಗೆ ಕೈ ಎತ್ತಲಿಕ್ಕೂ ಹೋದ್ರಂತೆ. ಅವರು ಸುಮ್ಮನೆ ನಿಂತಿದ್ರಂತೆ. ಈಗ ನಮ್ಮ ಮನೆಗೆ ಜನ ಬರ್ತಾ ಇದ್ದಾರೆ. ಹಸನಾಕನ ಕೈರುಚಿ ಬೇರೆ ಯಾರಿಗೂ ಇಲ್ಲ ಅಂತ ಹೊಗಳ್ತಾರೆ. ಉಪ್ಪನ ಅಡುಗೆ ತಿಂದವರು ಅವರಲ್ಲಿ ಒಬ್ಬರೂ ಇಲ್ಲ. ಉಮ್ಮ ಅದನ್ನು ಕೇಳ್ಲಿಕ್ಕೆ ಆಗದೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಮಾಫ್ ಮಾಡಿದ್ದೇನೆ ಅಂತ ನಿಮ್ಮ ಉಪ್ಪನಿಗೆ ಹೇಳ್ಲಿಕ್ಕೆ ನನ್ನ ಕೈಯಲ್ಲಿ ಆಗುದಿಲ್ಲ. ಅದು ನಾನು ಕೊಡುವಂಥದ್ದಲ್ಲ."

"ನಾನು ಅದನ್ನು ಕೇಳುದಿಲ್ಲ, ಆತಿಕಾ."

"ನಿಮಗೆ ಗೊತ್ತಿರ್ಲಿ ಅಂತ ಫೋನ್ ಮಾಡಿದೆ, ಅಷ್ಟೇ."

ಶಹಾನಾ ಅಡುಗೆಕೋಣೆಯಿಂದಲೇ ಉಚ್ಚಿಲಕ್ಕೆ ಫೋನ್ ಮಾಡಿದಳು. ತುಂಬ ಸಲ ರಿಂಗ್ ಆದ ಮೇಲೆ ಶರೀಫ್ ಎತ್ತಿದರು. ಅವರ ಉಸಿರು ಅವಳಿಗೆ ಕೇಳಿಸುತ್ತಿತ್ತು.

"ಆತಿಕಾ ಫೋನ್ ಮಾಡಿದ್ದಳು" ಎಂದಳು ಅವಳು.

"ಹೂಂ." ಆಮೇಲೆ ಶರೀಫ್ ಹೇಳಿದರು, "ಪಳ್ಳಿ ತುಂಬ ಜನ ಇದ್ರು, ಮಗಳೇ. ಕೇಳ್ಬೇಕಾದವ ಒಬ್ಬ ಇರ್ಲಿಲ್ಲ."

"ಊಟ ಆಯ್ತಾ, ಉಪ್ಪ?" ಎಂದು ಕೇಳಿದಳು. ಆಗಿದೆ ಎಂದರು. ಆಗಿರಲಿಲ್ಲ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. ಅವಳು ಫೋನ್ ಇಡಲಿಲ್ಲ, ಅವರೂ ಇಡಲಿಲ್ಲ.